ಕೀಲಿನ ಬೇನೆ, ಎದೆಯ ಲೆಕ್ಕ

ನವನಗರ, ಬಾಗಲಕೋಟೆ

ಪ್ರೀತಿಯ ವಿದ್ಯಾಳಿಗೆ,

ದೊಡ್ಡವ್ವನ ಆಶೀರ್ವಾದ. ನಿನ್ನ ರಿಪೋರ್ಟಿನ ಫೋಟೋ ಬಂತು, ನೋಡಿದೆ. ಆ ದಿನ ಫೋನಿನಲ್ಲಿ ನೀನು ಅಳುತ್ತಿದ್ದೆ. ನಾನೂ ಊಟ ಆಯ್ತಾ, ಮಳೆ ಬಂತಾ ಅಂತ ಏನೇನೋ ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಹಾಗೇ ಉಳಿಯಿತು. ಅದಕ್ಕೇ ಈ ಪತ್ರ. ಅಕ್ಷರ ಸೊಟ್ಟಪಟ್ಟ ಇವೆ. ಬೆಳಿಗ್ಗೆ ಹತ್ತರ ತನಕ ನನ್ನ ಬೆರಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಯಾಕೆ ಅಂತ ಇನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಿನಗೂ ನನ್ನ ಹಾಗೆ ರುಮಟಾಯ್ಡ್, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ. ಆ ಹೆಸರು ಅಂದ ಕೂಡಲೇ ಮನೆಯವರೆಲ್ಲ ನಿನ್ನ ಕೈ ನೋಡುತ್ತಾರೆ. ರೊಟ್ಟಿ ಬಡಿಯಲಿಕ್ಕೆ ಬರುತ್ತಾ, ಕೊಡ ಎತ್ತಲಿಕ್ಕೆ ಆಗುತ್ತಾ ಅಂತ ಕೇಳುತ್ತಾರೆ. ನಾನು ಕೇಳೋದು ಬೇರೆ. ನಿನ್ನ ಬಿಪಿ ಎಷ್ಟಿದೆ?

ನಗಬೇಡ. ನನಗೆ 58ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದು ನಿನಗೆ ಗೊತ್ತು. ಹೇಗೆ ಆಯಿತು ಅನ್ನೋದು ಗೊತ್ತಿಲ್ಲ. ಸಂಕ್ರಾಂತಿಯ ಮರುದಿನ ರಾತ್ರಿ ಎರಡೂ ಭುಜ ಹಿಡಿದುಕೊಂಡವು. ಗದ್ದದ ಹತ್ತಿರವೂ ಸೆಳೆತ. ಹದಿನೈದು ವರ್ಷದಿಂದ ಕೀಲು ನೋವು ತಿಂದವಳು ನಾನು, ಇದೂ ಅದೇ ಅಂದುಕೊಂಡೆ. ಎಣ್ಣೆ ಬಿಸಿ ಮಾಡಿಸಿ ಹಚ್ಚಿಸಿಕೊಂಡೆ. ಆ ಚಳಿಯಲ್ಲೂ ಕುಪ್ಪಸ ಒದ್ದೆಯಾಗುವಷ್ಟು ಬೆವರು. ನಿನ್ನ ದೊಡ್ಡಪ್ಪ ಪಿತ್ತ ಇರಬೇಕು ಅಂತ ಜೀರಿಗೆ ಕಷಾಯ ಕುದಿಸಿ ಕೊಟ್ಟರು, ಪಾಪ. ನಸುಕಿನಲ್ಲಿ ಉಸಿರು ಹಿಡಿದಾಗ ಆಸ್ಪತ್ರೆಗೆ ಹೋದೆವು. ಡಾಕ್ಟರು ಇಸಿಜಿ ನೋಡಿ, ಯಾವಾಗ ಶುರುವಾಯಿತು ಅಂದರು. ರಾತ್ರಿ ಒಂಬತ್ತಕ್ಕೆ ಅಂದೆ. ಅವರು ಏನೂ ಅನ್ನಲಿಲ್ಲ. ಸುಮ್ನೆ ಗೋಡೆಯ ಗಡಿಯಾರ ನೋಡಿದರು. ಆ ನೋಟ ಇನ್ನೂ ಮರೆತಿಲ್ಲ.

ಸ್ಟೆಂಟ್ ಹಾಕಿದ ಮೇಲೆ ನಾನು ಕೇಳಿದ ಮೊದಲ ಮಾತು: "ನನ್ನ ಕೊಲೆಸ್ಟ್ರಾಲ್ ಕಡಿಮೆ ಇತ್ತಲ್ಲ ಸರ್?" ಹೌದು, ಇತ್ತು. ಆ ಕಾಗದ ನೋಡಿಯೇ ನಾನು ನೆಮ್ಮದಿಯಿಂದ ಇದ್ದೆ. ಮೈಯಲ್ಲಿ ಉರಿಯೂತ ಜೋರಾಗಿದ್ದಾಗ ರಕ್ತದ ಕೊಲೆಸ್ಟ್ರಾಲ್ ತಾನೇ ಇಳಿಯುತ್ತದಂತೆ. ಅಪಾಯ ಮಾತ್ರ ಇಳಿಯೋದಿಲ್ಲ. ಔಷಧ ಹಿಡಿದು ಉರಿಯೂತ ತಗ್ಗಿದಾಗ ಆ ಅಂಕಿ ಸ್ವಲ್ಪ ಏರಬಹುದು. ಆಗ ಹೆದರಿ ಗುಳಿಗೆ ಬಿಡಬೇಡ. ರುಮಟಾಯ್ಡ್ ಇದ್ದವರು ಕೊಲೆಸ್ಟ್ರಾಲಿನ ಅಂಕಿಯನ್ನು ಒಂಟಿಯಾಗಿ ಓದಬಾರದು. ಪಕ್ಕದಲ್ಲಿ ಸಿಆರ್‌ಪಿ, ಇಎಸ್‌ಆರ್ ಅಂತ ಉರಿಯೂತ ಎಷ್ಟಿದೆ ತೋರಿಸುವ ರಕ್ತಪರೀಕ್ಷೆಗಳ ಅಂಕಿ ಇಟ್ಟುಕೊಂಡು ಓದಬೇಕು.

ಗುಳೇದಗುಡ್ಡದ ನಮ್ಮ ಹಳೆಯ ಜಂತಿ ಮನೆ ನಿನಗೆ ನೆನಪಿದೆಯಲ್ಲ? ಒಲೆ ಇದ್ದದ್ದು ಅಡುಗೆ ಮನೆಯಲ್ಲಿ. ಆದರೆ ಪಡಸಾಲೆಯ ಜಂತಿಯೂ ಕಪ್ಪಾಗಿತ್ತು. ಈ ಬೇನೆ ಹಾಗೆ. ಉರಿ ಹತ್ತಿದ್ದು ಕೀಲಿನ ಒಳಪೊರೆಗೆ. ಅಲ್ಲಿಂದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಅಂತ ಕೆಲವು ವಸ್ತುಗಳು ರಕ್ತಕ್ಕೆ ಸೇರಿ ಮೈತುಂಬ ಓಡಾಡುತ್ತವೆ. ರಕ್ತನಾಳದ ಒಳಗೋಡೆ ಕೆಡುತ್ತದೆ. ಅಲ್ಲಿ ಕೂತ ಕೊಬ್ಬಿನ ಗಂಟಿನ ಮೇಲಿನ ಪದರ ತೆಳುವಾಗುತ್ತದೆ. ಅದು ಒಡೆದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಅಷ್ಟೇ ಅಟ್ಯಾಕ್.

ಗಣಿತ ಕಲಿಸಿದವಳು ನಾನು, ಲೆಕ್ಕ ಹೇಳದೆ ಬಿಡೋದಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಹೃದಯದ ಕಾಯಿಲೆ ಬರುವ ಅಪಾಯ ಎಷ್ಟು ಅಂತ ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಎಲ್ಲ ಸೇರಿಸಿ ಡಾಕ್ಟರು ಅಂದಾಜು ಹಾಕುತ್ತಾರೆ. ಯುರೋಪಿನ ಸಂಧಿವಾತ ತಜ್ಞರ ಸಂಸ್ಥೆ ಯೂಲಾರ್ 2010ರಲ್ಲಿ ರುಮಟಾಯ್ಡ್ ಇರುವ ಕೆಲವರಿಗೆ, ಆಮೇಲೆ ರುಮಟಾಯ್ಡ್ ಇರುವ ಎಲ್ಲರಿಗೂ, ಬಂದ ಉತ್ತರವನ್ನು 1.5ರಿಂದ ಗುಣಿಸಿ ಅಂತ ಹೇಳಿತು. ಬೇರೆಯವರಿಗೆ ನೂರಕ್ಕೆ 4 ಬಂದರೆ ನಮಗೆ 6. ನಿನಗೆ 31 ವರ್ಷ, ಈಗ ಉತ್ತರ ಸಣ್ಣದೇ ಬರುತ್ತೆ. ಆದರೆ ಯವ್ವಾ, ನೀನು ಈ ಬೇನೆಯ ಜೊತೆ ಇನ್ನೂ ನಲವತ್ತು ವರ್ಷ ಸಂಸಾರ ಮಾಡಬೇಕು.

ಉರಿ ತಗ್ಗಿಸಿದರೆ ಎದೆಗೆ ಲಾಭ ಇದೆಯಾ? ಇದೆ. 2017ರಲ್ಲಿ ಕ್ಯಾಂಟೋಸ್ ಅನ್ನೋ ದೊಡ್ಡ ಪ್ರಯೋಗದ ಫಲ ಬಂತು. ಮೊದಲೇ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ, ಸಿಆರ್‌ಪಿ ಜಾಸ್ತಿ ಇದ್ದ ಹತ್ತು ಸಾವಿರ ಜನರ ಮೇಲೆ ನಡೆದದ್ದು. ಉರಿಯೂತ ಇಳಿಸುವ ಕನಕಿನುಮ್ಯಾಬ್ ಇಂಜೆಕ್ಷನ್ ಕೊಟ್ಟರು. ಕೆಟ್ಟ ಕೊಲೆಸ್ಟ್ರಾಲ್ ಇಳಿಯಲಿಲ್ಲ, ಆದರೂ ಎದೆಯ ತೊಂದರೆ ಕಡಿಮೆಯಾಯಿತು. ಮರುವರ್ಷ ಇನ್ನೊಂದು ಪ್ರಯೋಗದಲ್ಲಿ ರುಮಟಾಯ್ಡಿಗೆ ನಾವು ತಗೊಳ್ಳುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನೇ ಆ ಬೇನೆ ಇಲ್ಲದ ಹೃದ್ರೋಗಿಗಳಿಗೆ ಕೊಟ್ಟು ನೋಡಿದರು. ಏನೂ ಉಪಯೋಗ ಆಗಲಿಲ್ಲ. ಅಂದರೆ ಅದು ಎದೆಯ ಗುಳಿಗೆ ಅಲ್ಲ. ನಿಮ್ಮಪ್ಪ "ನನಗೂ ಒಂದು ಕೊಡು" ಅಂದರೆ ಕೊಡಬೇಡ, ಅವನು ಅನ್ನುವ ಮನುಷ್ಯನೇ.

ಆ ಗುಳಿಗೆಯ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಜೀವಕ್ಕೇ ಅಪಾಯ. ನಾನು ಭಾನುವಾರ ಅಂತ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಡಾಕ್ಟರು ಹೇಳಿದ ಫೋಲಿಕ್ ಆ್ಯಸಿಡ್ ತಪ್ಪಿಸಬೇಡ. ರಕ್ತ, ಲಿವರ್ ಪರೀಕ್ಷೆಗೆ ಬಾ ಅಂದಾಗ ಹೋಗು. ಮಗು ಬೇಕು ಅನ್ನಿಸಿದಾಗ ಮೊದಲು ಡಾಕ್ಟರಿಗೆ ಹೇಳು, ಅತ್ತೆಗೆ ಆಮೇಲೆ. ಗರ್ಭದಲ್ಲಿ ಆ ಔಷಧ ಇರಲೇಬಾರದು. ತಿಂಗಳುಗಳ ಮುಂಚೆಯೇ ಬದಲಿಸಬೇಕಾಗುತ್ತದೆ.

ನಾನು ಮಾಡಿದ ತಪ್ಪು ಎರಡು. ನೋವು ಕಡಿಮೆಯಾದಾಗಲೆಲ್ಲ ಮೆಥೊಟ್ರೆಕ್ಸೇಟ್ ಬಿಟ್ಟೆ. ನೋವು ಬಂದಾಗಲೆಲ್ಲ ಮೆಡಿಕಲ್ ಅಂಗಡಿಯಿಂದ ಡೈಕ್ಲೊಫೆನಾಕ್ ತರಿಸಿ ನುಂಗಿದೆ. ಶಾಲೆಗೆ ಹೋಗಬೇಕಲ್ಲ, ಬೋರ್ಡ್ ಮೇಲೆ ಬರೆಯಬೇಕಲ್ಲ. ನೋವಿನ ಗುಳಿಗೆ ನೋವನ್ನು ಮುಚ್ಚುತ್ತೆ, ಬೇನೆಯ ಬೇರು ಹಾಗೇ ಇರುತ್ತೆ. ಮೇಲಾಗಿ ಆ ಜಾತಿಯ ಗುಳಿಗೆಗಳೇ ಬಿಪಿ ಏರಿಸಿ ಎದೆಗೆ ಭಾರವಾಗುತ್ತವೆ. ವಯಾಕ್ಸ್ ಅನ್ನೋ ಕೀಲುನೋವಿನ ಮಾತ್ರೆಯನ್ನು ಈ ಕಾರಣಕ್ಕೇ 2004ರಲ್ಲಿ ಕಂಪನಿ ಮಾರುಕಟ್ಟೆಯಿಂದ ವಾಪಸ್ ತಗೊಂಡಿತು. ಬೇಕೇ ಬೇಕಾದರೆ ಡಾಕ್ಟರನ್ನು ಕೇಳಿ, ಬೇಕಾದಷ್ಟೇ ದಿನ ತಗೋ.

ಇನ್ನೊಂದು ಪುಡಿಯ ಕಥೆ. ಸಂತೆಯಲ್ಲಿ ಒಬ್ಬ ಕೊಟ್ಟ. ಮೂರೇ ದಿನಕ್ಕೆ ನಾನು ಎದ್ದು ಐವತ್ತು ರೊಟ್ಟಿ ಬಡಿದೆ! ಓಣಿಗೆಲ್ಲ ಅವನ ಹೆಸರು ಹೇಳಿದೆ. ಎರಡು ತಿಂಗಳಿಗೆ ಮುಖ ಬುರಬುರ ಊದಿತು, ಸಕ್ಕರೆ ಏರಿತು. ಅದರಲ್ಲಿ ಸ್ಟಿರಾಯ್ಡ್ ಇದ್ದಿರಬೇಕು ಅಂದರು ಡಾಕ್ಟರು. ಸ್ಟಿರಾಯ್ಡ್ ಕೆಟ್ಟದ್ದು ಅಂತಲ್ಲ. ಡಾಕ್ಟರೂ ಒಮ್ಮೊಮ್ಮೆ ಕೊಡುತ್ತಾರೆ, ಸ್ವಲ್ಪ, ಸ್ವಲ್ಪ ದಿನ. ಬಿಡುವಾಗಲೂ ಅವರು ಹೇಳಿದಂತೆ ಮೆಲ್ಲಗೆ ಇಳಿಸಬೇಕು, ಒಮ್ಮೆಲೇ ನಿಲ್ಲಿಸಬಾರದು.

ನಿನ್ನ ಗಂಡನಿಗೆ ಸಿಗರೇಟು ಬಿಡು ಅನ್ನು. ಆ ಹೊಗೆ ನಿನ್ನ ಕೀಲಿಗೂ ಎದೆಗೂ ಆಗದು. ನನ್ನ ಹೆಸರು ಹೇಳು, ಬೈಯೋದಿದ್ದರೆ ನನಗೆ ಬೈಯಲಿ. ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯೆ, ಪುಂಡಿಪಲ್ಯೆ ಉಣ್ಣುವವರಿಗೆ ಬೇರೆ ಉಪದೇಶ ಬೇಕಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ಕಡಿಮೆ ಮಾಡು ಸಾಕು. ಬೆರಳು ನೋಯುತ್ತೆ ಅಂತ ಕಾಲಿಗೂ ರಜೆ ಕೊಡಬೇಡ. ಬೆಳಗಾವಿಯ ಕೋಟೆ ಕೆರೆ ಸುತ್ತ ಬೆಳಿಗ್ಗೆ ಎಷ್ಟು ಜನ ನಡೆಯುತ್ತಾರೆ, ನೀನೂ ಹೋಗು.

ಕೀಲಿನ ಡಾಕ್ಟರು ಕೀಲು ನೋಡುತ್ತಾರೆ, ಬಿಪಿ ಡಾಕ್ಟರು ಬಿಪಿ. ನನ್ನ ವಿಷಯದಲ್ಲಿ ನಡುವಿನ ಮಾತು ಯಾರೂ ಆಡಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಸಲ ಹೋದಾಗ ನೀನೇ ಬಾಯಿಬಿಟ್ಟು ಕೇಳು: "ನನ್ನ ಹೃದಯದ ಲೆಕ್ಕ ಹಾಕಿದ್ದೀರಾ ಸರ್?" ಭುಜ, ಗದ್ದ, ಬೆನ್ನು ಹೊಸ ರೀತಿಯಲ್ಲಿ ನೋಯ್ದರೆ, ಜೊತೆಗೆ ಬೆವರೋ ಉಬ್ಬಸವೋ ಇದ್ದರೆ ಎಣ್ಣೆ ಬಿಸಿ ಮಾಡುತ್ತ ಕೂರಬೇಡ. 108ಕ್ಕೆ ಫೋನ್ ಮಾಡು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ನನ್ನ ಕಾಲಕ್ಕೆ ಅದು ಇರಲಿಲ್ಲ.

ಬರುವ ವಾರ ನಿಮ್ಮವ್ವ ಬೆಳಗಾವಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತೇನೆ. ಚಟ್ನಿಗೆ ಉಪ್ಪು ಕಡಿಮೆ ಹಾಕಿದ್ದೇನೆ, ಸಪ್ಪೆ ಅಂತ ಅನ್ನಬೇಡ. ರೊಟ್ಟಿ ನಾನು ಬಡಿದದ್ದಲ್ಲ, ಕೊಂಡದ್ದು. ತಿರುಗಿ ಬರುವಾಗ ಅವಳ ಕೈಯಲ್ಲಿ ಒಂದು ಚೀಟಿ ಕೊಡು. ಬಿಪಿ, ಸಕ್ಕರೆ, ಸಿಆರ್‌ಪಿ, ಮೂರೂ ಬರೆದಿರಲಿ.

ನಿನ್ನ ದೊಡ್ಡವ್ವ