ಮನಸ್ಸು ಬರಲಿ ಎಂದು ಕಾಯುವುದು ಬೇಡ, ಕೆಲಸಕ್ಕೊಂದು ಹೊತ್ತು ಗೊತ್ತುಮಾಡೋಣ

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಓದಲು ಕೂತು ವರ್ಷಗಳೇ ಉರುಳಿ, ಮುಂದಕ್ಕೆ ಹೋಗಲಾರದೆ, ಹಿಂದಿರುಗಲೂ ಮನಸ್ಸೊಪ್ಪದೆ ನಿಂತಲ್ಲೇ ನಿಂತಿರುವ ನಮ್ಮ ಭಾಗದ ಯುವಕ ಯುವತಿಯರ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಮೊಳಕಾಲ್ಮುರು ಕಡೆಯ ಹಳ್ಳಿಗಳಿಂದ ಬಂದು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಪದವಿ ಮುಗಿಸಿದ ಎಷ್ಟೋ ಮಕ್ಕಳು ಊರಿಗೆ ಮರಳದೆ, ಮೂರ್ನಾಲ್ಕು ಜನ ಸೇರಿ ಇಲ್ಲಿಯೇ ರೂಮು ಹಿಡಿದು, ಕೋಚಿಂಗ್ ಸೆಂಟರು ಮತ್ತು ಗ್ರಂಥಾಲಯದ ನಡುವೆ ಓಡಾಡಿಕೊಂಡಿರುತ್ತಾರೆ. ಮೊದಲ ವರ್ಷ ಅವರಲ್ಲಿ ಕಾಣುವ ಹುರುಪು ನಾಲ್ಕನೆಯ ವರ್ಷಕ್ಕೆ ಉಳಿದಿರುವುದಿಲ್ಲ. ಪದವಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ನನ್ನ ಮನೆಗೆ ಹಳೆಯ ವಿದ್ಯಾರ್ಥಿಗಳು ಈಗಲೂ ಬಂದು ಹೋಗುತ್ತಾರೆ. ಅವರ ಮಾತು ಕೇಳಿದಾಗಲೆಲ್ಲ, ಇವರಿಗೆ ಊರೆಲ್ಲ ಸೇರಿ ಹೇಳುತ್ತಿರುವ ಬುದ್ಧಿಮಾತಿನಿಂದ ಉಪಕಾರವಾಗುತ್ತಿಲ್ಲ ಎಂಬ ನನ್ನ ಅಭಿಪ್ರಾಯ ಗಟ್ಟಿಯಾಗುತ್ತಿದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇವರು ನಿಂತುಹೋಗಿರುವುದಕ್ಕೆ ಸೋಮಾರಿತನ ಕಾರಣವಲ್ಲ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಯಾವ ತಪ್ಪನ್ನೂ ಮಾಡದ ಅಭ್ಯರ್ಥಿಯೊಬ್ಬ, ತಾನು ಆಗಲೇ ಬರೆದು ಮುಗಿಸಿದ್ದ ಪರೀಕ್ಷೆಯನ್ನು ಮತ್ತೆ ಬರೆಯಲು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್‌ನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದದ ತಪ್ಪುಗಳು ತುಂಬಿದ್ದವು. ಅದೇ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಸಬೇಕಾಯಿತು. ಒಂದನೆಯ ತರಗತಿಯಿಂದ ಕನ್ನಡ ಮಾಧ್ಯಮದಲ್ಲೇ ಓದಿದ ಹಳ್ಳಿಯ ಹುಡುಗಿಗೆ, ತನ್ನದೇ ಭಾಷೆಯ ಪ್ರಶ್ನೆ ಅರ್ಥವಾಗದೆ ಹೋದಾಗ ಆಗುವ ನೋವನ್ನು ನಾನು ಎದುರಿಗೆ ಕೂತು ಕೇಳಿದ್ದೇನೆ. ಹೀಗಿರುವಾಗ ಬರೀ ಪರಿಶ್ರಮದ ಪಾಠ ಹೇಳುವವರು, ಪರೀಕ್ಷೆ ನಡೆಸುವವರ ಹೊಣೆಯನ್ನು ಬರೆಯುವವರ ತಲೆಗೆ ಕಟ್ಟುತ್ತಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಆದರೆ ಕಾರಣ ಹೊರಗಿನದೇ ಆಗಿದ್ದರೂ, ಕಾಯುವ ಕಾಲದಲ್ಲಿ ಮನುಷ್ಯನ ಒಳಗೆ ನಡೆಯುವ ಬದಲಾವಣೆ ಬೇರೆಯದೇ ಆಗಿದೆ, ಮತ್ತು ಅದರ ಬಗ್ಗೆ ನಾವು ಮಾತನಾಡುವುದು ತೀರಾ ಕಡಿಮೆ. ಅಧಿಸೂಚನೆ ಬರುವುದಿಲ್ಲ, ಬಂದರೂ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ನಡೆದರೂ ಒಂದೂವರೆ ಅಂಕಕ್ಕೆ ಪಟ್ಟಿಯಿಂದ ಹೆಸರು ತಪ್ಪುತ್ತದೆ. ಮೊದಲು ಹುಡುಗ ಗೆಳೆಯರ ಮದುವೆಗೆ ಹೋಗುವುದನ್ನು ಬಿಡುತ್ತಾನೆ, ಅಲ್ಲಿ ಕೆಲಸ ಸಿಕ್ಕವರು ಇರುತ್ತಾರೆಂದು. ಆಮೇಲೆ ಊರ ಜಾತ್ರೆಗೆ ಹೋಗುವುದಿಲ್ಲ, ಅಲ್ಲಿ ನೆಂಟರು ಕೇಳುತ್ತಾರೆಂದು. ಬೆಳಗಿನ ವಾಕಿಂಗ್ ನಿಲ್ಲುತ್ತದೆ, ಕ್ರಿಕೆಟ್ ನಿಲ್ಲುತ್ತದೆ, ಅಮ್ಮನ ಫೋನಿಗೆ ಎರಡೇ ಮಾತಿನ ಉತ್ತರ ಸಿಗುತ್ತದೆ. ಓದಿಗೆ ಸಮಯ ಮಿಗಲಿ ಎಂದು ಒಂದೊಂದನ್ನೇ ಬಿಟ್ಟದ್ದು. ಹಾಗೆ ಮಿಕ್ಕ ಸಮಯದಲ್ಲಿ ಓದು ಸಾಗುವುದಿಲ್ಲ. ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿರುತ್ತದೆ, ಏಳುವುದು ಮಾತ್ರ ಹತ್ತು ಗಂಟೆಗೆ. ಭಾರತದ ಸಂವಿಧಾನದ ಅದೇ ಅಧ್ಯಾಯ ತೆರೆದಿರುತ್ತದೆ, ಕಣ್ಣು ಮೊಬೈಲಿನಲ್ಲಿರುತ್ತದೆ. ರಾತ್ರಿಯಾದರೆ ಇಡೀ ದಿನ ಹಾಳಾಯಿತೆಂಬ ಸಂಕಟ, ಆ ಸಂಕಟಕ್ಕೆ ನಿದ್ದೆ ಬಾರದೆ ಮರುದಿನ ಇನ್ನೂ ತಡವಾಗಿ ಏಳುವುದು.

ಇಂಥವರಿಗಾಗಿ ನಮ್ಮ ಊರಿನಲ್ಲಿ ವರ್ಷಕ್ಕೆ ಹಲವು ಬಾರಿ ಸ್ಫೂರ್ತಿ ಉಪನ್ಯಾಸಗಳು ನಡೆಯುತ್ತವೆ. ಸಂಘಟಕರ ಉದ್ದೇಶ ಒಳ್ಳೆಯದೇ. ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತದೆ, ಹುಡುಗರ ಕಣ್ಣು ಹೊಳೆಯುತ್ತದೆ, ಆದರೆ ಮೂರು ದಿನ ಕಳೆಯುವಷ್ಟರಲ್ಲಿ ರೂಮಿನಲ್ಲಿ ಮತ್ತೆ ಅದೇ ಸ್ಥಿತಿ. ಮೊದಲು ಛಲ ಹುಟ್ಟಬೇಕು, ಛಲ ಹುಟ್ಟಿದರೆ ಕೆಲಸ ತಾನಾಗಿ ಸಾಗುತ್ತದೆ ಎಂಬ ನಂಬಿಕೆಯ ಮೇಲೆ ಈ ಉಪನ್ಯಾಸಗಳೆಲ್ಲ ನಿಂತಿವೆ. ಮನಶ್ಶಾಸ್ತ್ರ ಕಂಡುಕೊಂಡದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲೇ ಈ ಸುಳಿಯನ್ನು ವಿವರಿಸಿದ್ದರು: ಮನಸ್ಸು ಕುಗ್ಗಿದವನು ಜನರಿಂದಲೂ ಕೆಲಸಗಳಿಂದಲೂ ಹಿಂದೆ ಸರಿಯುತ್ತಾನೆ, ಹಿಂದೆ ಸರಿದಂತೆಲ್ಲ ದಿನದಲ್ಲಿ ಸಿಗುತ್ತಿದ್ದ ಸಣ್ಣಪುಟ್ಟ ಸಂತೋಷ, ಮೆಚ್ಚುಗೆ, ಮುಗಿಸಿದೆನೆಂಬ ತೃಪ್ತಿ ಇಲ್ಲವಾಗುತ್ತವೆ, ಅವು ಇಲ್ಲವಾದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಉತ್ಸಾಹ ಬರುವವರೆಗೆ ಕಾಯದೆ, ಗಡಿಯಾರ ನೋಡಿ ಗೊತ್ತುಮಾಡಿಕೊಂಡ ಸಣ್ಣ ಕೆಲಸವನ್ನು ಮನಸ್ಸಿಲ್ಲದಿದ್ದರೂ ಆ ಹೊತ್ತಿಗೆ ಮಾಡುವುದರಿಂದ ಚಿಕಿತ್ಸೆ ಶುರುವಾಗುತ್ತದೆ. ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ.

ಇದು ಪರದೇಶದ ಮಾತಾಯಿತು ಎನ್ನುವವರಿಗೆ ಗೋವಾದ ಉದಾಹರಣೆ ಕೊಡುತ್ತೇನೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಖಿನ್ನತೆ ಸಾಕಷ್ಟು ತೀವ್ರವಾಗಿದ್ದ ಜನರಿಗೆ ಇದೇ ವಿಧಾನದ ಆಪ್ತಸಲಹೆಯನ್ನು ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಅವರ ಸಂಗಡಿಗರು ಕೊಡಿಸಿದರು. ಸಲಹೆ ಕೊಟ್ಟವರು ವೈದ್ಯರಾಗಿರಲಿಲ್ಲ, ತರಬೇತಿ ಪಡೆದ ಸಾಮಾನ್ಯ ಜನರಾಗಿದ್ದರು. ವಾರಕ್ಕೊಮ್ಮೆಯಂತೆ ಆರರಿಂದ ಎಂಟು ಭೇಟಿಗಳು, ಅಷ್ಟೇ. ಮಾಮೂಲಿ ಉಪಚಾರವನ್ನಷ್ಟೇ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು ಎಂಬ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಪರಿಣತರು ವಿರಳವಾಗಿರುವ ನಮ್ಮಂಥ ಜಿಲ್ಲೆಗಳಿಗೆ ಇದರಲ್ಲಿ ದೊಡ್ಡ ಭರವಸೆಯಿದೆ. ನಿಂತುಹೋದವರೆಲ್ಲರೂ ರೋಗಿಗಳೆಂದು ನಾನು ಹೇಳುತ್ತಿಲ್ಲ. ಕಾಯಿಲೆಯಾಗಿ ಬೆಳೆದ ಮೇಲೂ ನೆರವಾಗುವ ಈ ದಾರಿ, ಅದಕ್ಕೂ ಮುಂಚಿನ ಹಂತದಲ್ಲಿರುವವರಿಗೂ ಒದಗಬಹುದೆಂಬುದು ನನ್ನ ನಂಬಿಕೆ.

ನಮ್ಮ ಊರಿನ ಮಟ್ಟಿಗೆ ಇದು ಹೇಗಿರಬೇಕು? ಕೆಲಸ ಚಿಕ್ಕದಿರಬೇಕು, ಅದಕ್ಕೆ ದಿನದ ಒಂದು ಗೊತ್ತಾದ ಹೊತ್ತಿರಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಆ ಹೊತ್ತಿಗೆ ಇನ್ನೊಬ್ಬರು ಅವರಿಗಾಗಿ ಕಾಯುತ್ತಿರಬೇಕು. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತನಗೆ ತಾನೇ ಕೊಟ್ಟ ಮಾತನ್ನು ಕುಗ್ಗಿದ ಮನಸ್ಸು ಸುಲಭವಾಗಿ ಮುರಿಯುತ್ತದೆ, ಆದರೆ ಏಳನೇ ತರಗತಿಯ ನಾಲ್ಕು ಮಕ್ಕಳು ನೋಟ್‌ಬುಕ್ ಹಿಡಿದು ಜಗಲಿಯ ಮೇಲೆ ಕಾಯುತ್ತಿದ್ದರೆ ಎದ್ದು ಹೋಗಲೇಬೇಕಾಗುತ್ತದೆ. ಜಗಳೂರು ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆಯೇ ತನ್ನ ಬೀದಿಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡಲು ಒಪ್ಪಿಕೊಂಡಳು. ಸಂಜೆ ಆರಕ್ಕೆ ಪಾಠವಿದೆ ಎಂದಾದ ಮೇಲೆ ಅವಳ ಮಧ್ಯಾಹ್ನಕ್ಕೆ ಒಂದು ಎಲ್ಲೆ ಬಂತು, ಎಲ್ಲೆ ಬಂದದ್ದರಿಂದ ಓದಿಗೆ ಬಿಗಿ ಬಂತು, ಸ್ವಂತ ದುಡಿಮೆಯ ಒಂದಿಷ್ಟು ಹಣ ಕೈಗೆ ಬಂದದ್ದರಿಂದ ಮನೆಯವರೊಡನೆ ಮಾತು ಹಗುರಾಯಿತು. ಅವಳಿಗೆ ಸರ್ಕಾರಿ ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ನನ್ನೆದುರು ಕೂತು ಮಾತನಾಡುವಾಗ ಅವಳೀಗ ಕಣ್ಣು ತಪ್ಪಿಸುವುದಿಲ್ಲ.

ಪಾಠವೇ ಆಗಬೇಕೆಂದಿಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿಯ ದಲಾಲಿ ಮಂಡಿಯಲ್ಲಿ ಅರ್ಧ ದಿನ ಲೆಕ್ಕ ಬರೆಯಬಹುದು. ಗೆಳೆಯನ ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿಗೆ ನಿಲ್ಲಬಹುದು. ಊರಿನಲ್ಲೇ ಇರುವವರು ಅಪ್ಪನ ಅಡಿಕೆ ತೋಟದ ನೀರಿನ ಪಾಳಿಯ ಹೊಣೆಯನ್ನು ಪೂರ್ತಿಯಾಗಿ ಹೊರಬಹುದು. ಇದರಿಂದ ಓದು ಕೆಡುತ್ತದೆ ಎಂದು ಹಲವು ತಂದೆತಾಯಿಗಳು ಹೆದರುತ್ತಾರೆ. ಹದಿನಾಲ್ಕು ಗಂಟೆ ಪುಸ್ತಕದ ಮುಂದೆ ಕೂತು ಎರಡು ಗಂಟೆ ಓದುವವನಿಗಿಂತ, ನಾಲ್ಕು ಗಂಟೆ ದುಡಿದು ಐದು ಗಂಟೆ ಓದುವವನೇ ಮುಂದಿದ್ದಾನೆ ಎಂಬುದನ್ನು ಅವರು ಗಮನಿಸಬೇಕೆಂದು ಕೋರುತ್ತೇನೆ.

ಇನ್ನೊಂದು ವಿಷಯವನ್ನು ಹೇಳುವುದು ಕಷ್ಟವಾದರೂ ಹೇಳಲೇಬೇಕು. ಎಷ್ಟು ವರ್ಷ ಪ್ರಯತ್ನಿಸುವುದೆಂಬುದನ್ನು ಆರಂಭದಲ್ಲೇ ತೀರ್ಮಾನಿಸಿ, ಮನೆಯವರೊಡನೆ ಮಾತನಾಡಿ, ಒಂದು ಗಡುವನ್ನು ಬರೆದಿಟ್ಟುಕೊಳ್ಳಬೇಕು. ವಯೋಮಿತಿ ಮುಗಿಯುವುದನ್ನೇ ಗಡುವು ಮಾಡಿಕೊಂಡರೆ ಬಾಳಿನ ಅತ್ಯಂತ ಕಸುವಿನ ವರ್ಷಗಳು ಕಾಯುವುದರಲ್ಲೇ ಹೋಗುತ್ತವೆ. ಪರೀಕ್ಷೆಯ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದವರನ್ನು ಸೋತವರೆಂದು ನೋಡುವ ಚಾಳಿಯನ್ನು ನಾವು ಬಿಡಬೇಕು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಈ ಊರಿನ ಗತಿಯೇನು ಎಂದು ಕೇಳಿದವರು ಬಹಳ ಜನರಿದ್ದರು. ಗಿರಣಿಯ ಬಾಗಿಲು ಮತ್ತೆ ತೆರೆಯುತ್ತದೆಂದು ಊರು ಕಾದು ಕೂರಲಿಲ್ಲ. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆಯಂಥವು ಬೆಳೆದು, 2009ರಲ್ಲಿ ವಿಶ್ವವಿದ್ಯಾಲಯವೂ ಬಂದು, ದಾವಣಗೆರೆ ಕಾಲೇಜುಗಳ ಊರಾಯಿತು. ಗಿರಣಿ ಕಾರ್ಮಿಕರ ಮನೆಗಳ ಪಾಲಿಗೆ ಆ ವರ್ಷಗಳು ಸುಲಭದ್ದಾಗಿರಲಿಲ್ಲ ಎಂಬುದನ್ನು ಮರೆತು ನಾನು ಈ ಮಾತು ಹೇಳುತ್ತಿಲ್ಲ. ಕೆಲಸ ಬದಲಿಸಿದ ಆ ಹಿರಿಯರನ್ನು ಯಾರೂ ಹೀಯಾಳಿಸಲಿಲ್ಲ, ಇಂದಿನ ಮಕ್ಕಳಿಗೂ ಅಷ್ಟು ಮರ್ಯಾದೆ ಸಲ್ಲಬೇಕು ಎನ್ನುತ್ತಿದ್ದೇನೆ.

ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ "ಏನಪ್ಪಾ, ಇನ್ನೂ ಓದ್ತಾನೇ ಇದೀಯಾ?" ಎಂದು ಎಲ್ಲರ ಮುಂದೆ ಕೇಳುವ ಬಂಧುಗಳಲ್ಲಿ ನನ್ನದೊಂದು ವಿನಂತಿಯಿದೆ. ನಿಮಗೆ ನಿಜವಾದ ಕಾಳಜಿಯಿದ್ದರೆ ಆ ಹುಡುಗನಿಗೊಂದು ಕೆಲಸ ಹೇಳಿ. ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡಿಕೊಡು, ಬೆಳೆ ವಿಮೆಯ ಅರ್ಜಿ ತುಂಬಿಕೊಡು, ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎನ್ನಿ. ತನ್ನಿಂದ ಯಾರಿಗೋ ಉಪಯೋಗವಿದೆ ಎಂದು ತಿಳಿಯುವುದೇ ಆ ಸ್ಥಿತಿಯಲ್ಲಿರುವವನಿಗೆ ದೊಡ್ಡ ಬಲ. ಮಕ್ಕಳನ್ನು ಬೆಳೆಸುವುದಕ್ಕಾಗಿ ಓದನ್ನೋ ಕೆಲಸವನ್ನೋ ಬಿಟ್ಟು, ಈಗ ನಲವತ್ತರ ಹೊತ್ತಿಗೆ ಮತ್ತೆ ಹೇಗೆ ಶುರುಮಾಡುವುದೆಂದು ತಿಳಿಯದೆ ಕೂತಿರುವ ಹೆಣ್ಣುಮಕ್ಕಳಿಗೂ ಇದೇ ಮಾತು ಹೊಂದುತ್ತದೆ. ಅರ್ಧಕ್ಕೆ ನಿಂತ ಪದವಿಯನ್ನು ಮನೆಯಲ್ಲಿದ್ದುಕೊಂಡೇ ಮುಗಿಸಲು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ.

ಎಲ್ಲವೂ ಇಷ್ಟರಿಂದಲೇ ಸರಿಹೋಗುತ್ತದೆಂದು ಯಾರೂ ತಿಳಿಯಬಾರದು. ಎರಡು ವಾರ ಮೀರಿ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟರೆ, ಬದುಕಿದ್ದೇನು ಪ್ರಯೋಜನ ಎಂಬ ಮಾತು ಬಾಯಲ್ಲಿ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ್ದೇ ಪಕ್ಕದ ಬಳ್ಳಾರಿಯಲ್ಲಿ. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಕೋಚಿಂಗ್ ಸೆಂಟರಿನ, ಪ್ರತಿ ಪಿಜಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಕೊನೆಯದಾಗಿ ಆಡಳಿತದ ಗಮನಕ್ಕೆ. ಯುವನಿಧಿ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಯನ್ನೂ ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯನ್ನೂ ಗರಿಷ್ಠ ಎರಡು ವರ್ಷ ಕೊಡಲಾಗುತ್ತದೆ. ಆ ಹಣದ ಬೆಲೆ ನನಗೆ ಗೊತ್ತು, ಅದನ್ನು ಟೀಕಿಸುವವರ ಸಾಲಿನಲ್ಲಿ ನಾನಿಲ್ಲ. ಅದರ ಜೊತೆಗೆ, ಇಷ್ಟಪಟ್ಟವರಿಗೆ ಅರಿವು ಕೇಂದ್ರಗಳೆಂದು ಹೆಸರು ಪಡೆದಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ದಿನಕ್ಕೆ ಎರಡು ಗಂಟೆ ಮಕ್ಕಳಿಗೆ ಓದು ಹೇಳಿಕೊಡುವ ಹೊಣೆಯನ್ನು ಗೌರವಧನದೊಂದಿಗೆ ವಹಿಸಲು ಸಾಧ್ಯವೇ ಎಂದು ಎರಡೂ ಜಿಲ್ಲಾ ಪಂಚಾಯಿತಿಗಳು ಪರಿಶೀಲಿಸಬೇಕು. ನಾವೆಲ್ಲ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆ ಹಣ ಸಕಾಲಕ್ಕೆ ಗ್ರಂಥಾಲಯ ಇಲಾಖೆಗೆ ಸಂದಾಯವಾಗಿ, ದಾವಣಗೆರೆ ಮತ್ತು ಚಿತ್ರದುರ್ಗದ ಕೇಂದ್ರ ಗ್ರಂಥಾಲಯಗಳ ವಾಚನಾಲಯಗಳು ವಾರದ ಏಳೂ ದಿನ ರಾತ್ರಿ ಹತ್ತರವರೆಗೆ ತೆರೆದಿರಬೇಕು, ಹೆಣ್ಣುಮಕ್ಕಳಿಗೆ ಸಾಕಷ್ಟು ಆಸನ, ಶುಚಿಯಾದ ಶೌಚಾಲಯ, ಮನೆಗೆ ಮರಳಲು ಆ ಹೊತ್ತಿನಲ್ಲಿ ಸಿಟಿ ಬಸ್ಸು ಇರಬೇಕು. ಕೇಂದ್ರ ಲೋಕಸೇವಾ ಆಯೋಗವು ವರ್ಷದ ಪರೀಕ್ಷೆಗಳ ದಿನಾಂಕಗಳನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ. ನಮ್ಮ ರಾಜ್ಯದ ಆಯೋಗವೂ ಅಂಥದೇ ಒಂದು ವೇಳಾಪಟ್ಟಿಯನ್ನು ಹೊರಡಿಸಿ ಅದಕ್ಕೆ ಬದ್ಧವಾಗಿ ನಡೆದುಕೊಳ್ಳುವಂತೆ, ಎರಡೂ ಜಿಲ್ಲೆಗಳ ಶಾಸಕರು ಬರುವ ಅಧಿವೇಶನದಲ್ಲಿ ಸರ್ಕಾರವನ್ನು ಒತ್ತಾಯಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ,
ನಿಟುವಳ್ಳಿ, ದಾವಣಗೆರೆ