ಸಂಶೋಧನಾ ವಿದ್ಯಾರ್ಥಿಗಳ ಗುಂಪಿಗೆ ಸೂಚನೆ: ಪ್ರಬಂಧದ ವಿಷಯ ಮತ್ತು ಕ್ಷೇತ್ರಕಾರ್ಯ

ಎಲ್ಲ ಸದಸ್ಯರಿಗೆ ನಮಸ್ಕಾರ.

ಮೈಸೂರಿನ ಸುಸ್ಥಿರತೆಯನ್ನು ಕುರಿತು ಸ್ನಾತಕೋತ್ತರ ಪ್ರಬಂಧ ಬರೆಯುತ್ತಿರುವವರು ಈವರೆಗೆ ಕಳುಹಿಸಿರುವ ಕರಡುಗಳಲ್ಲಿ ಹೆಚ್ಚಿನವು ಕೆರೆ, ಸಾಲುಮರ, ಸೈಕಲ್ ಪಥಗಳ ಸುತ್ತಲೇ ಇವೆ. ಈ ಸುಸ್ಥಿರತೆಯ ಫಲ ಯಾರಿಗೆ ಸಿಗುತ್ತಿದೆ, ಅದರ ಭಾರ ಯಾರ ಮೇಲೆ ಬೀಳುತ್ತಿದೆ ಎಂಬ ಪ್ರಶ್ನೆ ಮಾತ್ರ ಕೊನೆಯ ಪುಟಕ್ಕೆ ಸರಿದಿದೆ. 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ಕಂಡ ಊರಿನಲ್ಲಿ ಯೋಜನೆಯ ಕೊರತೆಯನ್ನು ಹುಡುಕುವುದಕ್ಕಿಂತ, ಆ ಯೋಜನೆಗಳಲ್ಲಿ ಯಾರಿಗೆ ಜಾಗವಿತ್ತು ಎಂದು ಕೇಳುವುದೇ ಹೆಚ್ಚು ಉಪಯುಕ್ತವೆಂದು ನನ್ನ ಅನಿಸಿಕೆ.

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಿಂದ ಆರಂಭಿಸಬಹುದು. ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಸ್ಥಳೀಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು ಎಂದು ಅದು ಹೇಳುತ್ತದೆ. ಆದರೆ ದೇವರಾಜ ಮಾರುಕಟ್ಟೆಯ ಹೊರಗೆ ಒದ್ದೆ ಗೋಣಿಚೀಲದ ಮೇಲೆ ಮಲ್ಲಿಗೆ ಇಟ್ಟುಕೊಂಡು ಮೊಳ ಹಾಕಿ ಕೊಡುವ ಹೆಂಗಸಿಗೆ ಆ ಸಮಿತಿಯ ಹೆಸರಾದರೂ ಗೊತ್ತೇ, ಮಳೆ ಬಂದರೆ ಅವರು ಎಲ್ಲಿಗೆ ಸರಿಯುತ್ತಾರೆ, ಶೌಚಾಲಯಕ್ಕೆ ಹೋಗುವಾಗ ಹೂವನ್ನು ಯಾರಿಗೆ ಒಪ್ಪಿಸಿ ಹೋಗುತ್ತಾರೆ ಎಂಬುದು ಯಾವ ನಕಾಶೆಯಲ್ಲೂ ಸಿಗುವುದಿಲ್ಲ.

ಪ್ರಶ್ನಾವಳಿ ಹಿಡಿದು ವ್ಯಾಪಾರದ ಹೊತ್ತಿನಲ್ಲಿ ಹೋಗಿ ನಿಲ್ಲಬೇಡಿ (ಒಂದು ಮೊಳ ಹೂವನ್ನೂ ಕೊಳ್ಳದೆ ಅರ್ಧ ಗಂಟೆ ಮಾತನಾಡಿಸುವುದೂ ಅನ್ಯಾಯವೇ). ಒಪ್ಪಿಗೆಯಿಲ್ಲದೆ ಹೆಸರನ್ನಾಗಲಿ ಫೋಟೊವನ್ನಾಗಲಿ ದಾಖಲಿಸಬಾರದು. ವಿಷಯ ಬದಲಿಸಿಕೊಳ್ಳುವವರು ಒಂದು ಪುಟದ ಟಿಪ್ಪಣಿಯನ್ನು ಶನಿವಾರ ಸಂಜೆಯೊಳಗೆ ಇದೇ ಗುಂಪಿಗೆ ಕಳುಹಿಸಬೇಕಾಗಿ ವಿನಂತಿ.