ರಜೆ ಮುಗಿದ ಮೇಲೆ ಬೇಸಗೆ ಶಿಬಿರ ಯಾರಿಗೆ? ಊರಿನ ಚರಿತ್ರೆ ಮ್ಯೂಸಿಯಂ ಬಗ್ಗೆ ಐದನೇ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ನಮ್ಮ ಗ್ರಾಮ ಪಂಚಾಯತು, ಕಾಸರಗೋಡು ಜಿಲ್ಲೆ.

ವಿಷಯ: ಊರಿನ ಮ್ಯೂಸಿಯಂನ ಬೇಸಗೆ ಕಾರ್ಯಕ್ರಮ, ಪ್ರದರ್ಶನ, ಕನ್ನಡ ಫಲಕ ಮತ್ತು ನಾವು ಕೊಟ್ಟ ಸಾಮಾನುಗಳ ಬಗ್ಗೆ.

ಮಾನ್ಯರೇ,

ನಮಸ್ಕಾರ. ಇದು ಐದನೇ ಮನವಿ. ಮೊದಲಿನ ನಾಲ್ಕು ಯಾವ ಕಪಾಟಿನಲ್ಲಿವೆ ಎಂದು ಕಳೆದ ತಿಂಗಳು ನಿಮ್ಮ ಕಚೇರಿಯಲ್ಲಿ ಕೇಳಿದೆವು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದೇವೆ. ಪತ್ರ ಉದ್ದ ಆಯಿತು ಎಂದು ದಯವಿಟ್ಟು ಹೇಳಬೇಡಿ.

ಕಳೆದ ವರ್ಷದ "ಬೇಸಗೆ ಶಿಬಿರ ಮತ್ತು ಪ್ರದರ್ಶನ" ಶುರುವಾದದ್ದು ಮೇ 28ಕ್ಕೆ. ಏಪ್ರಿಲ್, ಮೇ ಎರಡು ತಿಂಗಳು ಮಕ್ಕಳಿಗೆ ರಜೆ ಇತ್ತು. ಮ್ಯೂಸಿಯಂಗೆ ಬೀಗ ಇತ್ತು. ಇನ್ನೇನು ಶಾಲೆ ಶುರು, ಪುಸ್ತಕಕ್ಕೆ ಬೈಂಡ್ ಹಾಕಬೇಕು ಎನ್ನುವ ಹೊತ್ತಿಗೆ ನಿಮ್ಮ ಬ್ಯಾನರ್ ಬಂತು. ಆಮಂತ್ರಣದಲ್ಲಿ ಯಕ್ಷಗಾನ ಪ್ರಾತ್ಯಕ್ಷಿಕೆ ಅಂತ ಬೇರೆ ಇತ್ತು. ತುಳುವರ ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ, ಅಂದರೆ ಮೇ 24ರ ಸುಮಾರಿಗೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ತಿರುಗಾಟ ಮುಗಿಯಿತು. ಇದು ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆ. ಇಲ್ಲಿ ಕುಳಿತು ಪತ್ತನಾಜೆ ಯಾವಾಗ ಎಂದು ಗೊತ್ತಿಲ್ಲದೆ ಕಾರ್ಯಕ್ರಮ ಹಾಕುವುದು ಹೇಗೆ? ಕೊನೆಗೆ ವೇಷಧಾರಿಗಳು ಬರಲಿಲ್ಲ. ಪರದೆ ಮೇಲೆ ಒಂದು ವಿಡಿಯೋ ಹಾಕಿದಿರಿ. ಅರ್ಧದಲ್ಲಿ ಗುಡುಗು ಮಳೆ ಬಂದು ಕರೆಂಟು ಹೋಯಿತು. ಮಕ್ಕಳಿಗೆ ಲಡ್ಡು ಹಂಚಿ ಮನೆಗೆ ಕಳಿಸಿದಿರಿ. ಲಡ್ಡು ಚೆನ್ನಾಗಿತ್ತು, ಅದನ್ನು ಒಪ್ಪುತ್ತೇವೆ.

ಇನ್ನು ದೂರಿನ ಕಥೆ. ಮೊದಲ ಮನವಿ ಕೊಟ್ಟದ್ದು ಮೂರು ವರ್ಷದ ಹಿಂದೆ, ಬಿಸು (ಸೌರ ಯುಗಾದಿ) ಕಳೆದ ಮರುದಿನ. "ನೋಡುವ" ಎಂದರು. ಎರಡನೆಯದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದೆವು. ನಿರ್ಣಯ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ ಎಂದರು. ಆಮೇಲೆ ನೋಡಿದರೆ ಅಲ್ಲಿ ಬೀದಿನಾಯಿ ವಿಷಯ ಮಾತ್ರ ಇತ್ತು. ಮೂರನೆಯದು ರಿಜಿಸ್ಟರ್ಡ್ ಪೋಸ್ಟ್. ಕಾರ್ಡು ಸಹಿಯಾಗಿ ವಾಪಸು ಬಂತು, ಉತ್ತರ ಬರಲಿಲ್ಲ. ನಾಲ್ಕನೆಯದಕ್ಕೆ ಮಾತ್ರ ಎರಡು ಸಾಲಿನ ಉತ್ತರ ಬಂತು, ಅದೂ ಮಲಯಾಳದಲ್ಲಿ. ನಾವು ಬರೆದದ್ದು ಕನ್ನಡದಲ್ಲಿ. ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಎಂದು 1969ರ ಕೇರಳ ಆಡಳಿತ ಭಾಷಾ ಕಾಯ್ದೆಯೇ ಹೇಳುತ್ತದೆ. ಪಕ್ಕದ ಮನೆಯ ಹುಡುಗಿ ನಿಮ್ಮ ಉತ್ತರವನ್ನು ಓದಿ ಹೇಳಿದಳು: "ವಿಷಯ ಪರಿಗಣನೆಯಲ್ಲಿದೆ." ಇಷ್ಟು ಹೇಳಲಿಕ್ಕೆ ಏಳು ತಿಂಗಳು ಬೇಕಾಯಿತಾ?

ಮಲಯಾಳದ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಮಕ್ಕಳು ಅದನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ಆದರೆ ಒಳಗಿರುವ ಸಾಮಾನು ಬಹುಪಾಲು ನಮ್ಮ ಅಟ್ಟದಿಂದಲೇ ಬಂದದ್ದು. ಅದರ ಹೆಸರು ನಮ್ಮ ಅಜ್ಜಿಯಂದಿರಿಗೆ ಓದಲಿಕ್ಕೆ ಬರಬೇಕಲ್ವಾ?

ಈ ಮನವಿ ಬರೆಯುತ್ತಿರುವ ನಾನೇ ನಮ್ಮ ಅಜ್ಜನ ಕಾಲದ, ಅಕ್ಕಿ ಅಳೆಯುವ ಕಳಸೆಯನ್ನು ಮ್ಯೂಸಿಯಂಗೆ ಕೊಟ್ಟೆ. ಹದಿನಾಲ್ಕು ಸೇರಿನ ಕಳಸೆ. ಮೂರು ಕಳಸೆ ಅಕ್ಕಿ ಸೇರಿದರೆ ಒಂದು ಮುಡಿ. ಒಕ್ಕಲಿನವರ ಗೇಣಿ ಅಳೆದದ್ದು ಅದರಲ್ಲೇ. ಬಾಯಿಯ ಅಂಚು ಒಂದು ಕಡೆ ಸವೆದು ನುಣ್ಣಗಾಗಿದೆ. ಎಷ್ಟು ವರ್ಷ ಕೋಲು ಎಳೆದು ಮಟ್ಟ ಮಾಡಿದ್ದಾರೋ. ಅದರ ಮುಂದೆ ನೀವು ಇಟ್ಟ ಚೀಟಿಯಲ್ಲಿ "ಪಳಯ ಪಾತ್ರಂ" ಎಂದಷ್ಟೇ ಇದೆ. ಹಳೆಯ ಪಾತ್ರೆಯಂತೆ! ಕಳೆದ ಸಲ ಹೋದಾಗ ಅದರೊಳಗೆ ಯಾರೋ ಟೀ ಕುಡಿದ ಪೇಪರ್ ಗ್ಲಾಸು ಹಾಕಿದ್ದರು. ನಾನೇ ತೆಗೆದು ಹೊರಗೆ ಹಾಕಿ ಬಂದೆ. ಕೊಟ್ಟ ಸಾಮಾನಿಗೆ ಇವತ್ತಿನವರೆಗೆ ರಸೀದಿ ಇಲ್ಲ. ಇನ್ನೊಬ್ಬರ ಮನೆಯ ತಾಳೆಗರಿ ಕಟ್ಟು, ತಿಗಳಾರಿ ಲಿಪಿಯದ್ದು, ಒರಲೆ ಹಿಡಿದು ಒಂದು ಮೂಲೆ ಹುಡಿಯಾಗಿದೆ. ವರ್ಷಕ್ಕೊಮ್ಮೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಲಿಕ್ಕೂ ನಿಮ್ಮಲ್ಲಿ ಜನ ಇಲ್ಲವೇ? ನಮಗೆ ಹೇಳಿ, ನಾವೇ ಬಂದು ಹಚ್ಚುತ್ತೇವೆ. ಬೀಗ ತೆಗೆಯಿರಿ, ಅಷ್ಟು ಸಾಕು.

ಗೋಡೆಯ ಮೇಲಿನ ಚರಿತ್ರೆ ಇನ್ನೂ ಚೆಂದ. ಮಂಜೇಶ್ವರದ ಗೋವಿಂದ ಪೈಗಳ ಫೋಟೋದ ಕೆಳಗೆ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿದೆ. ಪೈಗಳು 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಅನ್ನಿಸಿಕೊಂಡವರು. ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬಾಳಿಡೀ ಹೋರಾಡಿದವರು. ಇದನ್ನು ಮೂರು ವರ್ಷದಿಂದ ಹೇಳುತ್ತಿದ್ದೇವೆ. ಫೋಟೋ ಬದಲಿಸಲಿಕ್ಕೆ ಎರಡು ಮೊಳೆ ಸಾಕು. ಕಾಲಪಟ್ಟಿಯಲ್ಲಿ ಶಿವಪ್ಪ ನಾಯಕನ ಬೇಕಲ ಕೋಟೆ ಆದ ಮೇಲೆ ಸೀದಾ 1984ರ ಮೇ 24, ಜಿಲ್ಲೆ ಆದ ದಿನ. ನಡುವೆ ನಾವು ದಕ್ಷಿಣ ಕನ್ನಡದ ತಾಲೂಕಾಗಿದ್ದದ್ದೂ ಇಲ್ಲ, ನಾವು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಕೂಡ ಇಲ್ಲ. ಆ ವರ್ಷಗಳಲ್ಲಿ ಇಲ್ಲಿ ಜನವೇ ಇರಲಿಲ್ಲವೇನೋ.

ನೀರಿನ ಸುರಂಗದ ಮಾದರಿ ಅಂತೂ ಸುಮ್ನೆ ನಗಲಿಕ್ಕೆ ಇಟ್ಟ ಹಾಗಿದೆ. ಥರ್ಮೋಕೋಲಿನಲ್ಲಿ ಮಾಡಿದ್ದೀರಿ, ಸರಿ. ಆದರೆ ಅದು ರಾಟೆ, ಕೊಡ ಇರುವ ಬಾವಿ! ಸುರಂಗ ಎಂದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದದ್ದು. ನೀರು ತಾನಾಗಿ ಹೊರಗೆ ಹರಿದು ಮದಕಕ್ಕೆ, ಅಂದರೆ ಕೆರೆಗೆ, ಬೀಳುತ್ತದೆ, ರಾಟೆ ಬೇಡ, ಪಂಪು ಬೇಡ. ಮ್ಯೂಸಿಯಂನಿಂದ ಹತ್ತು ನಿಮಿಷ ನಡೆದರೆ ನಿಜವಾದ ಸುರಂಗವೇ ಉಂಟು. ಪಿಕ್ಕಾಸು ಹಿಡಿದು ಅದನ್ನು ಕೊರೆದ ಅಜ್ಜ ಇನ್ನೂ ಇದ್ದಾರೆ. ಒಳಗೆ ಗಾಳಿ ಉಂಟೋ ಇಲ್ಲವೋ ಎಂದು ದೀಪ ಹಿಡಿದು ನೋಡುತ್ತಿದ್ದದ್ದನ್ನು ಅವರ ಬಾಯಿಂದಲೇ ಕೇಳಬೇಕು. ಏಪ್ರಿಲ್‌ನಲ್ಲಿ, ಬಾವಿಗಳೆಲ್ಲ ತಳ ಕಂಡಿರುವಾಗ, ಅಲ್ಲಿ ನೂಲಿನಷ್ಟು ನೀರು ಬರುವುದನ್ನು ಮಕ್ಕಳು ನೋಡಬೇಕು. ಬೇಸಗೆ ಪ್ರದರ್ಶನ ಅಂದರೆ ಇದು. ಜಾಸ್ತಿ ಖರ್ಚಿಲ್ಲ. ಅಜ್ಜನಿಗೆ ಒಂದು ಆಟೋ ಮಾಡಿ ಕರೆತಂದರೆ ಆಯಿತು.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇವೆ. ಮ್ಯೂಸಿಯಂನ ಜಗಲಿಯಲ್ಲಿ ಮನೆಮನೆಯಿಂದ ತಂದ ಪ್ಲಾಸ್ಟಿಕ್ ಚೀಲಗಳ ರಾಶಿ ಮಾಡಿನವರೆಗೆ ಎದ್ದಿದೆ. ಸಂಗ್ರಹಿಸುವ ಹೆಂಗಸರ ತಪ್ಪಲ್ಲ, ಅವರಿಗೆ ಇಡಲಿಕ್ಕೆ ನೀವು ಬೇರೆ ಜಾಗ ಕೊಟ್ಟಿಲ್ಲ. ನಾವು ತಿಂಗಳಿಗೆ 50 ರೂಪಾಯಿ ಕೊಡುತ್ತಿರುವುದು ಅದನ್ನು ಚರಿತ್ರೆಗೆ ಸೇರಿಸಲಿಕ್ಕಲ್ಲ. ಶೌಚಾಲಯದ ಕೀಲಿ ಯಾರಲ್ಲಿದೆ ಎಂಬುದೇ ಒಂದು ಸಂಶೋಧನೆ. ಮುಂದಿನ ಬೀದಿದೀಪ ಹಗಲು ಉರಿಯುತ್ತದೆ, ರಾತ್ರಿ ಇಲ್ಲ. ಹೆಂಚು ಒಡೆದ ಜಾಗಕ್ಕೆ ಹೋದ ಮಳೆಗಾಲ ಹೊದೆಸಿದ ಟರ್ಪಾಲು ಈಗ ಚಿಂದಿ.

ನಮ್ಮವರು ಮಕ್ಕಳನ್ನು ಮಂಗಳೂರಿನ ಬಿಜೈ ಮ್ಯೂಸಿಯಂಗೋ, ಬಂಟ್ವಾಳದ ತುಳು ಬದುಕು ಸಂಗ್ರಹಾಲಯಕ್ಕೋ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕಳಸೆಗೆ ಕಳಸೆ ಎನ್ನುತ್ತಾರೆ. ನಮ್ಮ ಅಜ್ಜಂದಿರ ಸಾಮಾನಿನ ಹೆಸರು ತಿಳಿಯಲಿಕ್ಕೆ ಗಡಿ ದಾಟಬೇಕಾ?

ಈ ವರ್ಷ ಏಪ್ರಿಲ್ ಮೊದಲ ವಾರವೇ ಮ್ಯೂಸಿಯಂ ತೆರೆಯಬೇಕು. ರಜೆ ಮುಗಿಯುವವರೆಗೆ ಭಾನುವಾರವೂ ತೆರೆದಿರಬೇಕು. ಯಕ್ಷಗಾನ ಇದ್ದರೆ ಪತ್ತನಾಜೆಗೆ ಮೊದಲು ಇಡಿ. ಮೇ 18 ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ಅಂದೇ ಇಟ್ಟರೂ ಆದೀತು. ಫಲಕಗಳಲ್ಲಿ ಮಲಯಾಳದ ಜೊತೆ ಕನ್ನಡವೂ ಇರಲಿ. ಬರೆದು ಕೊಡಲಿಕ್ಕೆ ಇಲ್ಲಿ ಮೂವರು ನಿವೃತ್ತ ಮಾಸ್ಟ್ರುಗಳು ತಯಾರಿದ್ದೇವೆ, ದುಡ್ಡು ಬೇಡ. ಯಾರ ಮನೆಯಿಂದ ಏನು ಬಂದಿದೆ ಎಂಬ ಪಟ್ಟಿ ಮಾಡಿ ಎಲ್ಲರಿಗೂ ರಸೀದಿ ಕೊಡಿ. ಅದೂ ಆಗದಿದ್ದರೆ ಕೊಟ್ಟದ್ದನ್ನು ವಾಪಸು ಒಯ್ಯುತ್ತೇವೆ. ಕಳಸೆಗೆ ನಮ್ಮ ಅಟ್ಟದಲ್ಲಿ ಜಾಗ ಇನ್ನೂ ಹಾಗೇ ಇದೆ.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಇದರ ಜೊತೆ ಕೊಟ್ಟಿದ್ದೇವೆ. ಅದಕ್ಕೆ 30 ದಿನದ ಗಡುವು ಇದೆ ಎಂದು ನಿಮಗೆ ಗೊತ್ತೇ ಇದೆ. ಈ ಪತ್ರದ ಎರಡನೇ ಪ್ರತಿಗೆ ಸೀಲು ಹಾಕಿ ಇವತ್ತೇ ಕೊಡಬೇಕು. ತಂದವರು ಸೀಲು ಸಿಗುವವರೆಗೆ ನಿಮ್ಮ ಕಚೇರಿಯ ಬೆಂಚಿನಲ್ಲೇ ಕೂತಿರುತ್ತಾರೆ. ಬುತ್ತಿ ಕಟ್ಟಿಕೊಂಡೇ ಬಂದಿದ್ದಾರೆ.

ಇಂತೀ ತಮ್ಮ,
ಮ್ಯೂಸಿಯಂ ಪರಿಸರದ ನಿವಾಸಿಗಳು
(ಸಹಿಗಳು ಹಿಂಬದಿಯಲ್ಲಿ)